ನಿದ್ದೆಗೆಂದು ನುಂಗಿದ್ದು

ನಮ್ಮ ಕಡೆ ಔಷಧ ಅಂದರೆ ಡಾಕ್ಟರು ಚೀಟಿ ಬರೆದುಕೊಟ್ಟದ್ದು. ಕಷಾಯ, ಚೂರ್ಣ, ಎಲೆಯ ಚಿತ್ರವಿರುವ ಡಬ್ಬಿ, ಇವೆಲ್ಲ ಊಟದ ಜೊತೆಯವು. ಮಕ್ಕಳಿಗೆ ವಿಜ್ಞಾನ ಹೇಳುವ ನನ್ನ ತಲೆಯಲ್ಲೂ ಅದೇ ಕೂತಿತ್ತು. ಎಂಥಾ ಶಾಣ್ಯಾ ಟೀಚರ್ ನಾನು!

ವನದುರ್ಗದ ಹತ್ತಿರದ ಶಾಲೆಗೆ ವರ್ಗವಾದಾಗ ಸುರಪುರದ ಗಂಡನ ಮನೆಯಿಂದ ದಿನಾ ಓಡಾಡಿ ನೋಡಿದೆ. ಬಸ್ಸು ಬದಲಿಸಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಕೊನೆಗೆ ಶಹಾಪುರದಲ್ಲಿ ಒಂದು ಕೋಣೆ ಹಿಡಿದೆ. ಗಂಡ ಖಾಸಗಿ ಬಸ್ಸಿನ ಡ್ರೈವರ್, ಹದಿನೈದು ದಿನಕ್ಕೊಮ್ಮೆ ರಜೆ. ಮೂರು ವರ್ಷದ ಮಗಳು ಅತ್ತೆಯ ಹತ್ತಿರ ಉಳಿದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆವರೆಗೆ ನಾನು ತಾಯಿ. ಉಳಿದ ದಿನ ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ.

ಆ ಮಗಳು ಹುಟ್ಟಿದಾಗ ನನ್ನ ರಕ್ತ ನಿಲ್ಲಲೇ ಇಲ್ಲ. ಯಾದಗಿರಿಯಿಂದ ರಕ್ತದ ಬಾಟಲಿ ಬರುವತನಕ ನಾನು ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲವಂತೆ. "ಇನ್ನೊಂದು ಬಸಿರು ಸದ್ಯಕ್ಕೆ ಬೇಡವೇ ಬೇಡ" ಅಂತ ಡಾಕ್ಟರು ಗಟ್ಟಿಯಾಗಿ ಹೇಳಿ ಕಳಿಸಿದ್ದರು. ಹಾಗಾಗಿ ದಿನಾ ಒಂದು ಗುಳಿಗೆ. ಹಾಳೆಯಲ್ಲಿ ಮೂರು ವಾರದ ಬಿಳಿ ಗುಳಿಗೆ, ಕೊನೆಯ ವಾರದ ಕರಿ ಗುಳಿಗೆ. ಅತ್ತೆಗೆ ಇದು ಗೊತ್ತಿಲ್ಲ. "ಇನ್ನೊಂದ್ ಆಗ್ಲಿ ಬಿಡವಾ, ಕೂಸಿಗಿ ಜೋಡಿ ಬೇಕು" ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ಶಹಾಪುರದ ಕೋಣೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಪುಟ್ಟ ಕಾಲು ಒದೆಯದೆ ನಿದ್ದೆ ಮಾಡುವುದೇ ಮರೆತುಹೋಗಿತ್ತು. ಪಾಠ ಮಾಡುತ್ತ ತೂಕಡಿಸಿದ್ದನ್ನು ನೋಡಿ ಜೊತೆಯ ಟೀಚರೊಬ್ಬರು ಮೊಬೈಲಿನಲ್ಲಿ ಒಂದು ಡಬ್ಬಿ ತರಿಸಿಕೊಟ್ಟರು. ಮೇಲೆ ಹಳದಿ ಹೂವಿನ ಚಿತ್ರ. "ಬರೇ ಗಿಡಮೂಲಿಕಿ ಐತ್ರಿ, ಏನೂ ಆಗಂಗಿಲ್ಲ" ಅಂದರು. ದಿನಕ್ಕೆರಡು ನುಂಗಿದೆ. ನಿದ್ದೆ ಒಂದಿಷ್ಟು ಬಂತು ಕೂಡ.

ಮೂರ್ನಾಲ್ಕು ವಾರವಾಗಿರಬೇಕು, ಒಂದು ಶನಿವಾರ ಸುರಪುರದ ಮನೆಯಲ್ಲಿ ಚಪ್ಪಲಿ ಬಿಡುವುದರೊಳಗೆ ರಕ್ತ ಕಂಡಿತು. ಹಾಳೆಯಲ್ಲಿ ಇನ್ನೂ ಹತ್ತು ಬಿಳಿ ಗುಳಿಗೆ ಉಳಿದಿದ್ದವು. ತಿಂಗಳದ್ದು ಬೇಗ ಬಂತು ಅಂದುಕೊಂಡೆ. ಮುಟ್ಟಿನ ದಿನಕ್ಕೆ ಕರಿ ಗುಳಿಗೆ ಅಂತ ನನ್ನ ಲೆಕ್ಕ. ಬಿಳಿಯವನ್ನು ಅಲ್ಲೇ ಬಿಟ್ಟು ಕರಿಯದಕ್ಕೆ ಹಾರಿದೆ.

ಅತ್ತೆಯ ಮನೆಯಲ್ಲಿ ಹೊರಗಾದರೆ ಮೂರು ದಿನ ಪಡಸಾಲೆಯ ಮೂಲೆ. ಬೇರೆ ತಟ್ಟೆ, ಬೇರೆ ಕಂಬಳಿ. ಅತ್ತೆ ಕೆಟ್ಟವರಲ್ಲ, ನನ್ನ ತಟ್ಟೆಗೆ ಎಲ್ಲರಿಗಿಂತ ಮೊದಲು ಬಿಸಿ ರೊಟ್ಟಿ ಹಾಕುತ್ತಿದ್ದರು. ಆದರೆ ಅವರದು ದೇವರಿರುವ ಮನೆ. ವಾರವೆಲ್ಲ ಕಾದು ಓಡಿ ಬಂದ ಮಗಳನ್ನು ರಟ್ಟೆ ಹಿಡಿದು ನಿಲ್ಲಿಸಿದರು. "ನಿಮ್ಮವ್ವ ಹೊರಗಾಗ್ಯಾಳ, ಮುಟ್ಟಬ್ಯಾಡ." ಮಗು ಅತ್ತಿತು. ನಾನು ಗೋಡೆಗೆ ಮುಖ ಮಾಡಿ ಕೂತೆ. ವಾದ ಮಾಡುವ ಬಾಯಿ ನನಗೆ ಶಾಲೆಯಲ್ಲಿ ಮಾತ್ರ ಇದೆ, ಸುಡಲಿ ಅದನ್ನ.

ಮುಂದಿನ ಶನಿವಾರ ಗಂಡ ಬಂದಿದ್ದರು. ಆಮೇಲೆ ಹೊಸ ಹಾಳೆ ಶುರು ಮಾಡಿದೆ. ಅದರ ನಡುವೆಯೂ ಎರಡು ಶನಿವಾರ ಅದೇ ಕಲೆ, ಅದೇ ಪಡಸಾಲೆ, ಅದೇ ಕಂಬಳಿ. ಎರಡನೇ ಸಲ ಮಗಳು ಅಳಲಿಲ್ಲ. ಮೂರನೇ ಸಲ ಓಡಿಯೂ ಬರಲಿಲ್ಲ, ಹೊಸ್ತಿಲಲ್ಲಿ ನಿಂತು ಆಟದ ಬಟ್ಟಲು ತೋರಿಸಿದಳು.

ಆ ಹಾಳೆಯ ಕರಿ ಗುಳಿಗೆ ಮುಗಿದವು. ಬರಬೇಕಾದ ಹೊತ್ತಿನಲ್ಲಿ ಮುಟ್ಟು ಬರಲೇ ಇಲ್ಲ. ಬೆಳಿಗ್ಗೆ ಚಹಾದ ವಾಸನೆಗೆ ಹೊಟ್ಟೆ ತೊಳಸಿತು. ಇನ್ನೊಂದು ಬಸಿರೇ ಇರಬೇಕು ಅನ್ನಿಸಿತು. ಆ ರಕ್ತದ ಬಾಟಲಿ, ಆ ಆಸ್ಪತ್ರೆಯ ಮಂಚ, ಎಲ್ಲ ಕಣ್ಣ ಮುಂದೆ ಬಂತು. ಹೇಳಿಕೊಳ್ಳಲು ಯಾರಿದ್ದರು? ಗಂಡನ ಫೋನು ಬಂದರೆ "ಊಟ ಆತಾ?" ಅಷ್ಟೇ. ಆತು ಅನ್ನುತ್ತಿದ್ದೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ಶಾಲೆಯ ಹಿಂದಿನ ಆರೋಗ್ಯ ಉಪಕೇಂದ್ರಕ್ಕೆ ಹೋದೆ. ನಡುನಡುವೆ ರಕ್ತ ಕಂಡದ್ದು, ಕರಿ ಗುಳಿಗೆಗೆ ಹಾರಿದ್ದು, ಎಲ್ಲ ಹೇಳಿದೆ. ಸಿಸ್ಟರು ಮೊದಲು ಪರೀಕ್ಷೆ ಮಾಡಿದರು. ಆ ಐದು ನಿಮಿಷ ನಾನು ಗೋಡೆಯ ಲಸಿಕೆ ಪಟ್ಟಿಯನ್ನು ನಾಲ್ಕು ಸಲ ಓದಿದೆ. ಒಂದೇ ಗೆರೆ ಬಂತು.

"ಈಗ ಇಲ್ಲ. ಆದ್ರ ಮನಿಯವರು ಮೊನ್ನೆ ಬಂದಿದ್ರಂತೀರಿ, ಎರಡ್ ವಾರ ಬಿಟ್ಟು ಇನ್ನೊಮ್ಮಿ ನೋಡೂಣು" ಅಂದರು. "ಗುಳಗಿ ಜೋಡಿ ಮತ್ತೇನ್ ತಗೋತೀರಿ?"

"ಏನೂ ಇಲ್ರಿ."

"ಫಿಟ್ಸಿಂದು, ಟಿಬಿದು?"

"ಅದೂ ಇಲ್ರಿ."

"ಶಕ್ತಿಗಿ? ನಿದ್ದಿಗಿ?" ಅಂದವರು ನನ್ನ ಮುಖ ನೋಡಿದರು. "ನಿದ್ದಿ ಬರ್ತೈತಿಲ್ಲ ಟೀಚರ್?"

ಇದನ್ನು ಯಾರೂ ಕೇಳಿರಲಿಲ್ಲ. ನನಗೆ ಅಳು ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಚೀಲದಿಂದ ಡಬ್ಬಿ ತೆಗೆದುಕೊಟ್ಟೆ.

ಸಿಸ್ಟರು ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದರು, ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ಕೇಳಿದರು. ಅದರಲ್ಲಿ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಸಾರವಿತ್ತು. "ಇದು ಗುಳಗಿ ಕಸುವು ತಗೀತೈತ್ರಿ. ಅದಕ್ಕ ನಡುನಡುವ ರಕ್ತ ಕಂಡೈತಿ. ಅದು ಮುಟ್ಟಲ್ಲ. ಮ್ಯಾಲ ನೀವು ಬಿಳಿ ಗುಳಗಿ ಬಿಟ್ಟೀರಿ! ಕರಿ ಗುಳಗಿ ಬರೇ ಕಬ್ಬಿಣದ್ದು, ಬಸುರು ತಡಿಯಂಗಿಲ್ಲ. ರಕ್ತ ಕಂಡ್ರೂ ಬಿಳಿವು ಸಾಲಾಗಿ ಮುಗಿಸಬೇಕು." ಇವತ್ತೇ ಆ ಡಬ್ಬಿ ಬಿಡಬೇಕು, ಬಿಟ್ಟ ಮೇಲೂ ಒಂದು ತಿಂಗಳು ಅದರ ಪ್ರಭಾವ ಇರುತ್ತದೆ, ಅಲ್ಲಿತನಕ ಗಂಡ ನಿರೋಧ್ ಬಳಸಲೇಬೇಕು ಅಂದರು. ನಿದ್ದೆಗೆ ಬೇರೇನಾದರೂ ಬೇಕಾದರೆ, ಅದು ಎಲೆಯಾಗಲಿ ಬೇರಾಗಲಿ, ತೋರಿಸಿಯೇ ನುಂಗಬೇಕು.

ನನಗೆ ಅರ್ಧ ಮಾತು ಕೇಳಿಸಲಿಲ್ಲ. "ಅದು ಮುಟ್ಟಲ್ಲ" ಅನ್ನುವುದರ ಹತ್ತಿರವೇ ನಿಂತುಬಿಟ್ಟಿದ್ದೆ. ಮಗಳು ಪಕ್ಕದಲ್ಲಿಲ್ಲ ಅಂತ ನಿದ್ದೆ ಬರಲಿಲ್ಲ. ಆ ನಿದ್ದೆಗೆಂದು ನುಂಗಿದ್ದೇ ಮೂರು ಶನಿವಾರ ಮಗಳನ್ನು ನನ್ನಿಂದ ದೂರ ನಿಲ್ಲಿಸಿತು.

ಸಂಜೆ ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಆತು, ನಿರೋಧ್ ತರ್ತೀನಿ. ಊಟ ಆತಾ?" ಅಂದರು. "ಊಟದ್ದು ಬಿಡ್ರಿ, ನನಗ ನಿದ್ದಿ ಬರವಲ್ದು" ಅಂದೆ. ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು, ಫೋನು ಕಟ್ಟಾಯಿತು.

ಎರಡು ವಾರದ ಮೇಲೂ ಒಂದೇ ಗೆರೆ. ಜೀವ ಬಂದಂತಾಯಿತು. ಆ ಶನಿವಾರ ಬಟ್ಟೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಸುರಪುರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎರಡೂ ಕೈ ಚಾಚಿದೆ.

ಮಗಳು ಹೊಸ್ತಿಲಲ್ಲೇ ನಿಂತಳು, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಅವ್ವಾ, ಇವತ್ತ ನಿನ್ನ ಮುಟ್ಟಬೌದಾ?"

"ಮುಟ್ಟಬೌದು, ಬಾ" ಅಂದೆ.

ಅವಳು ಬರಲಿಲ್ಲ. ತಿರುಗಿ ಅಜ್ಜಿಯ ಮುಖ ನೋಡಿದಳು.