ನಲವತ್ತೈದು ಮೈಲಿ ವೇಗದ ರಸ್ತೆ

ಷಿಕಾಗೊ ಬಳಿಯ ಓಕ್ ಬ್ರೂಕ್‌ನಲ್ಲಿರುವ ನಮ್ಮ ಆಫೀಸಿನ ಪಾರ್ಕಿಂಗ್ ಐದು ಅಂತಸ್ತಿನದು. ಸಂಜೆ ಎಲ್ಲರೂ ಸಾಲಾಗಿ ಇಳಿಯುವಾಗ ಒಮ್ಮೊಮ್ಮೆ ಮುಂದಿನ ಯಾವುದೋ ಹಳೆಯ ಕಾರಿನ ಬ್ರೇಕ್ ಕಾದು, ಗಂಟಲಿಗೆ ಅಂಟಿಕೊಳ್ಳುವ ಘಾಟು ವಾಸನೆ ಬರುತ್ತದೆ. ಎಲ್ಲರೂ ಕಿಟಕಿ ಏರಿಸಿಕೊಳ್ಳುತ್ತಾರೆ. ನಾನು ಇಳಿಸುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಚೆನ್ನಾಗೇನೂ ಇರದ, ಆದರೂ ಹೋಗಿಬಿಟ್ಟೀತು ಎಂದು ಆತುರದಿಂದ ಎಳೆದುಕೊಳ್ಳುವಂಥದು.

ನನ್ನ ಬಾಲ್ಯದ ಮನೆಗೆ ಎರಡು ಬಾಗಿಲು. ಮಿಷಿಗನ್ನಿನ ಪ್ಲಿಮತ್‌ನ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ ಎಡಗಡೆ ನಾವು, ಎದುರಿಗೆ ಶ್ರೀಕಂಠ ಅಂಕಲ್, ಸುಮಾ ಆಂಟಿ, ಅವರ ಮಗಳು ಅನಘಾ. ಕಾಗದದ ಮೇಲೆ ಎರಡು ಮನೆ, ಬದುಕಿದ್ದು ಒಂದೇ ಮನೆಯಾಗಿ. ಬೆಳಗ್ಗೆ ಆರಕ್ಕೆ ತೆರೆದ ಬಾಗಿಲುಗಳು ಮಲಗುವವರೆಗೂ ಹಾಗೇ ಇರುತ್ತಿದ್ದವು. ನಮ್ಮ ಒಲೆಯ ಮೇಲೆ ಸಾರು ಕುದಿದರೆ ಅವರಲ್ಲಿ ಪಲ್ಯ. ಅನಘಾ ಮತ್ತು ನಾನು ಯಾರ ಮನೆಯ ತಟ್ಟೆ ಯಾವುದು ಎಂದು ಕೇಳದೆ ಬೆಳೆದವರು. ಇಬ್ಬರೂ ನಡೆಯಲು ಕಲಿತದ್ದು ಮೈಸೂರಿನಲ್ಲಿ, ಮಾತು ಕಲಿತದ್ದು ಇಲ್ಲಿ; ಅಮ್ಮಂದಿರು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಿದ್ದೆವು. ಅಪ್ಪ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದರು. ಅಂಕಲ್ ಕಾರು ಕಂಪನಿಗಳಿಗೆ ಬ್ರೇಕ್ ಮಾಡಿಕೊಡುವ ಕಡೆ ಎಂಜಿನಿಯರ್. ಊಟಕ್ಕೆ ಕೂತಾಗಲೂ ಎರಡು ಹಪ್ಪಳದ ನಡುವೆ ಚಪಾತಿ ಹಿಡಿದು ಬ್ರೇಕ್ ಹೇಗೆ ಕಚ್ಚುತ್ತದೆಂದು ತೋರಿಸುತ್ತಿದ್ದರು. ಹಪ್ಪಳ ಮುರಿಯುತ್ತಿತ್ತು, ಆಂಟಿ ಬೈಯುತ್ತಿದ್ದರು.

ಪ್ರತಿ ಅಕ್ಟೋಬರ್‌ನಲ್ಲಿ ಎರಡೂ ಸಂಸಾರ ಸೇರಿ ಒಂದೇ ವ್ಯಾನಿನಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಹೋಗುತ್ತಿದ್ದೆವು. ಒಹಾಯೊ ದಾಟಿ, ವೆಸ್ಟ್ ವರ್ಜೀನಿಯಾದ ಬೆಟ್ಟಗಳನ್ನು ಹತ್ತಿಳಿದು, ವರ್ಜೀನಿಯಾದಲ್ಲಿ ಆ ರಸ್ತೆ ಸೇರುವ ಹೊತ್ತಿಗೆ ಕೂಲರ್‌ನಲ್ಲಿದ್ದ ಮೊಸರನ್ನ ಅರ್ಧ ಖಾಲಿಯಾಗಿರುತ್ತಿತ್ತು. ಬೆಟ್ಟದ ಬೆನ್ನಿನ ಮೇಲೆ ನೂರಾರು ಮೈಲಿ ಸಾಗುವ ರಸ್ತೆ ಅದು. ಲಾರಿಗಳಿಲ್ಲ, ಜಾಹೀರಾತಿನ ಬೋರ್ಡುಗಳಿಲ್ಲ, ಗಂಟೆಗೆ ನಲವತ್ತೈದು ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ. ಅಂಕುಡೊಂಕಾಗಿ ಜೋಡಿಸಿದ ಮರದ ಬೇಲಿಗಳು, ಹುಲ್ಲಿನಲ್ಲಿ ಅರ್ಧ ಮುಚ್ಚಿದ ಮೈಲಿಗಲ್ಲುಗಳು, ಕೆಂಪು ಹಳದಿಯಾಗಿ ಉದುರಲು ಕಾದ ಎಲೆಗಳು. ಅವುಗಳಾಚೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ತೆಳು ನೀಲಿ. ಯಾವಾಗಲೂ ಅಂಕಲ್‌ದೇ ಡ್ರೈವಿಂಗ್. ಇಳಿಜಾರು ಬಂದಾಗಲೆಲ್ಲ ಅದೇ ಪಾಠ: "ಬೆಟ್ಟ ಇಳಿಯುವಾಗ ಗೇರ್ ಹಿಡೀಬೇಕು ಮಕ್ಕಳೇ, ಬ್ರೇಕ್ ಅಲ್ಲ."

ನನಗೆ ಹದಿಮೂರು ತುಂಬಿದ ವರ್ಷ, ಹೊರಟ ಎರಡನೆಯ ದಿನ, ಉದ್ದನೆಯ ಇಳಿಜಾರೊಂದರಲ್ಲಿ ವ್ಯಾನಿನೊಳಗೆ ಆ ಘಾಟು ತುಂಬಿತು. ಅಂಕಲ್‌ರ ಕಾಲು ಬ್ರೇಕಿನಿಂದ ಮೇಲೇಳಲೇ ಇಲ್ಲ. ಪಕ್ಕದಲ್ಲಿದ್ದ ಅಪ್ಪ, "ಶ್ರೀಕಂಠ, ಸ್ವಲ್ಪ ನಿಲ್ಸೋ" ಎಂದರು. ಬೆಟ್ಟ ನೋಡಲು ಕಾರು ನಿಲ್ಲಿಸುವ ಜಾಗ ಬಂತು, ನಿಲ್ಲಿಸಿದರು. ಚಕ್ರಗಳಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಬ್ರೇಕ್ ಆರುವವರೆಗೆ ಕಾಯಬೇಕಾಯಿತು. ಅಮ್ಮ, ಆಂಟಿ, ಅನಘಾ ಕಾಲುದಾರಿ ಹಿಡಿದು ಅಲ್ಲೇ ಮೇಲಿದ್ದ ಹಳೆಯ ಮರದ ಮನೆ ನೋಡಲು ಹೋದರು. ನಾನು ಜಾಕೆಟ್ ತೆಗೆದುಕೊಳ್ಳಲು ವ್ಯಾನಿನ ಹಿಂದೆ ಬಂದೆ. ಆಚೆ ಬದಿಯ ಕಲ್ಲಿನ ಕಟ್ಟೆಯ ಹತ್ತಿರ ಅಪ್ಪ ಮತ್ತು ಅಂಕಲ್ ನಿಂತಿದ್ದರು. ನಾನು ಅಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ.

"ಶುಕ್ರವಾರ ಕರೆದು ಹೇಳಿದ್ರು ರವಿ," ಎಂದರು ಅಂಕಲ್. "ನಮ್ಮ ಟೀಮ್ ಪೂರ್ತಿ ತೆಗೆದ್ರು. ಎರಡು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ರೆ ವೀಸಾ ಮುಗೀತು, ಹೊರಡೋದೇ."

"ಸುಮಂಗೆ ಗೊತ್ತಾ?"

"ಗೊತ್ತು. ಮಕ್ಕಳಿಗೆ ಬೇಡ. ಈ ನಾಲ್ಕು ದಿನ ಆರಾಮಾಗಿರ್ಲಿ ಅವು."

ಅಪ್ಪ ಅಂಕಲ್‌ರ ಹೆಗಲ ಮೇಲೆ ಕೈ ಇಟ್ಟದ್ದು ಕಂಡಿತು. ನಾನು ಸದ್ದಾಗದಂತೆ ಜಾಕೆಟ್ ಎಳೆದುಕೊಂಡು ಕಾಲುದಾರಿ ಹತ್ತಿದೆ. ಅಳು ಬರಲಿಲ್ಲ. ಚಳಿಗೆ ಬೆರಳು ಮರಗಟ್ಟಿದಾಗ ಮುಟ್ಟಿದ್ದು ಗೊತ್ತಾಗುವುದಿಲ್ಲವಲ್ಲ, ಒಳಗೆಲ್ಲ ಹಾಗಿತ್ತು. ಆ ಮರದ ಮನೆಯದು ಒಂದೇ ಕೋಣೆ, ಒಂದು ಕಲ್ಲಿನ ಒಲೆ, ಅಂಗೈಯಗಲದ ಕಿಟಕಿ. ಯಾವುದೋ ಕಾಲದಲ್ಲಿ ಇಲ್ಲೊಂದು ದೊಡ್ಡ ಸಂಸಾರ ಇತ್ತು ಎಂದು ಹೊರಗೆ ಬೋರ್ಡಿನಲ್ಲಿ ಬರೆದಿತ್ತು. ಆಂಟಿ ಒಲೆಯ ಮುಂದೆ ನಿಂತೇ ಇದ್ದರು. "ಇಷ್ಟರಲ್ಲೇ ಎಲ್ರೂ ಇದ್ರು ನೋಡು," ಎಂದು ಅಮ್ಮನಿಗೆ ಹೇಳಿದರು. "ಕಳಿಸೋರು ಯಾರೂ ಇರ್ಲಿಲ್ಲ." ಅಮ್ಮನಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ, ಅವಳು ನಕ್ಕಳು.

ಉಳಿದ ಎರಡು ದಿನ ವ್ಯಾನಿನ ಹಿಂದಿನ ಸೀಟಿನಲ್ಲಿ ನಾನು ಅನಘಾಳ ಪಕ್ಕ ಕೂತೇ ಇದ್ದೆ. ಅವಳು ಮುಂದಿನ ವರ್ಷದ ಲೆಕ್ಕಾಚಾರದಲ್ಲಿದ್ದಳು: ಈ ರಸ್ತೆಯನ್ನು ದಕ್ಷಿಣದ ತುದಿಯಿಂದ ಶುರುಮಾಡಬೇಕು, ಅಲ್ಲಿ ಸುರಂಗಗಳಿವೆ, ಪ್ರತಿ ಸುರಂಗದಲ್ಲೂ ಉಸಿರು ಹಿಡಿಯಬೇಕು. ನಾನು ಓಕೆ ಎಂದೆ. ಹಾಲೋವೀನ್ ಹಬ್ಬದ ವೇಷಕ್ಕೆ ಅವಳು ಉಪ್ಪಿನ ಡಬ್ಬಿ, ನಾನು ಕಾಳುಮೆಣಸಿನ ಡಬ್ಬಿ. ಅದಕ್ಕೂ ಓಕೆ. ಅಂಕಲ್ ಜೋರಾಗಿ ಜೋಕ್ ಹೇಳುತ್ತಿದ್ದರು. ಅಪ್ಪ ಎಲ್ಲದಕ್ಕೂ ನಗುತ್ತಿದ್ದರು, ಮುಗಿಯುವ ಮೊದಲೇ.

ಕೆಲಸ ಸಿಗಲಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಂದು ವಾರ ಇದ್ದಾಗ ಅನಘಾಗೆ ಹೇಳಿದರು. ಅವಳು ನೇರ ನಮ್ಮ ಬಾಗಿಲಿಗೆ ಬಂದು ನಿಂತಳು. "ಡಿಡ್ ಯು ನೋ?" ಎಂದು ಕೇಳಿದಳು. ನಾನು "ನೋ" ಎಂದೆ. ಅವಳು ನನ್ನ ಮುಖ ನೋಡಿ, ನಂಬಿ, ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಬಿದ್ದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಡಿಸೆಂಬರ್ ಮೊದಲ ವಾರ ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ಅಮ್ಮ ಅಭ್ಯಾಸದಂತೆ ಬಾಗಿಲು ತೆರೆದೇ ಇಟ್ಟಿದ್ದಳು. ಎದುರಿನ ಬಾಗಿಲು ಮುಚ್ಚಿತ್ತು. ಸಂಜೆಯ ಹೊತ್ತಿಗೆ ಅಪ್ಪ ಎದ್ದು ನಮ್ಮದನ್ನೂ ಮುಚ್ಚಿದರು.

ಶ್ರೀಕಂಠ ಅಂಕಲ್ ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡರು. ಈ ಆಗಸ್ಟ್‌ನಲ್ಲಿ ಅನಘಾ ಮಾಸ್ಟರ್ಸ್ ಓದಲು ಸ್ಟೂಡೆಂಟ್ ವೀಸಾದ ಮೇಲೆ ಬಂದಳು. ತನ್ನ ಯೂನಿವರ್ಸಿಟಿಗೆ ಹೋಗುವ ದಾರಿಯಲ್ಲಿ ಒಂದು ದಿನ ಷಿಕಾಗೊದಲ್ಲಿ ಇಳಿದಳು. ಅಲ್ಲೇ ಹತ್ತಿರದ ಸ್ಕೋಕಿಯ ಹೋಟೆಲೊಂದರಲ್ಲಿ ದೋಸೆ ತಿಂದೆವು. ಅವಳು ಈಗ ಕನ್ನಡದಲ್ಲೇ ಮಾತಾಡುತ್ತಾಳೆ, ಥೇಟ್ ಆಂಟಿಯ ಹಾಗೆ. ನಾನು ಹುಡುಕಿ ಹುಡುಕಿ ಕನ್ನಡ ಆಡಿದೆ.

"ಅಪ್ಪ ಕೊನೇವರ್ಗೂ ಆ ಟ್ರಿಪ್ ನೆನೆಸ್ಕೋತಿದ್ರು ಕಣೇ," ಎಂದಳು. "ಮಕ್ಕಳಿಬ್ರಿಗೂ ಏನೂ ಗೊತ್ತಿರ್ಲಿಲ್ಲ, ಎಷ್ಟು ಖುಷಿಯಾಗಿದ್ವು ಆ ನಾಲ್ಕು ದಿನ, ಅದೊಂದು ನೆಟ್ಟಗೆ ಮಾಡ್ದೆ ಅಂತ. ಹೌದಲ್ವಾ?"

ಅವಳು ದೋಸೆ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಹೌದು," ಎಂದೆ. "ಏನೂ ಗೊತ್ತಿರ್ಲಿಲ್ಲ."

ಅವಳನ್ನು ಓಹೇರ್ ಏರ್‌ಪೋರ್ಟಿನಲ್ಲಿ ಬಿಟ್ಟು ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅನಘಾ ಬಂದಿದ್ದಳು ಎಂದೆ. "ಹೊಟ್ಟೆ ತುಂಬ ತಿನ್ಸಿ ಕಳಿಸಿದ್ಯಾ?" ಎಂದು ಅಮ್ಮ ಕೇಳಿದಳು.

"ಹೂಂ," ಎಂದೆ. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿರುವ ಸದ್ದು ಕೇಳುತ್ತಿತ್ತು. ಅಮ್ಮ ಅದನ್ನು ನಿಲ್ಲಿಸುವವರೆಗೂ ಕೇಳುತ್ತ ಕೂತಿದ್ದೆ.