ಮೇಷ್ಟ್ರನ್ನೇ ಅಣಕಿಸಿದ ಹುಡುಗ

ಯಶವಂತಪುರದ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನಾನು ಜಪಾನಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ತುಮಕೂರು ರಸ್ತೆ ಕಡೆಯ ಕಾರ್ಖಾನೆಗಳಿಗೆಂದು ಬಂದ ಇಂಜಿನಿಯರುಗಳ ಮಕ್ಕಳು. ಎಲ್ಲ ನಾಲ್ಕೈದು ವರ್ಷದವರು. ನನ್ನ ಇಂಗ್ಲಿಷ್ ಹೇಗಿದೆ ಎಂದು ಮಾತ್ರ ಕೇಳಬೇಡಿ. ಬ್ಯಾಟರಾಯನಪುರದ ಶಾಲೆಯಲ್ಲಿ ಅದನ್ನು ಕಲಿತದ್ದಕ್ಕಿಂತ ಕಲಿಸಿದವರನ್ನು ಅಣಕಿಸಿದ್ದೇ ಹೆಚ್ಚು. ಕೆಲಸ ಸಿಕ್ಕಿದ್ದೂ ಅದರಿಂದಲೇ. ಕಪ್ಪೆ, ಆನೆ, ಬಸ್ ಕಂಡಕ್ಟರ್, ಯಾವುದನ್ನು ಬೇಕಾದರೂ ಮಾಡಿ ತೋರಿಸುತ್ತೇನೆ. ಮಕ್ಕಳು ನಗುತ್ತಾರೆ, ನಗುವಾಗ ಒಂದೆರಡು ಪದ ಬಾಯಿಂದ ಜಾರುತ್ತವೆ.

ಸೇರುವ ಮೊದಲು ಎಲ್ಲರಿಗೂ ಅರ್ಧ ಗಂಟೆಯ ಟ್ರಯಲ್ ಕ್ಲಾಸ್. ತಾಯಿ ಹಿಂದೆ ಕೂತು ನನ್ನನ್ನು ನೋಡುತ್ತಾರೆ. ಸೆಂಟರ್ ನಡೆಸುವ ಮೇಡಂ ಆಗಾಗ ಇಣುಕಿ ಮಗುವನ್ನು ನೋಡುತ್ತಾರೆ. ಪರೀಕ್ಷೆ ಯಾರಿಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕಳೆದ ಮಳೆಗಾಲದಲ್ಲಿ ಬಂದ ಹುಡುಗನ ಬಗ್ಗೆ ಮೇಡಂ ಮೊದಲೇ ಎಚ್ಚರಿಸಿದ್ದರು. "ಎರಡು ಕಡೆ ಟ್ರಯಲ್‌ನಲ್ಲೇ ಬೇಡ ಅಂದ್ಬಿಟ್ಟಿದ್ದಾರೆ ಕಣೋ. ಮಿಸ್‌ಗಳನ್ನ ಆಡ್ಕೋತಾನಂತೆ. ಒಂದಕ್ಷರ ಇಂಗ್ಲಿಷ್ ಬರ್ದೆ ಸ್ಕೂಲಲ್ಲಿ ತಗೋಳಲ್ಲ. ಪಾಪ, ಆ ತಾಯಿ ಅಳೋದೊಂದು ಬಾಕಿ. ನೀನು ಕೋತಿಚೇಷ್ಟೆ ಮಾಡ್ಬೇಡ, ನೆಟ್ಟಗಿರು."

ನೆಟ್ಟಗೇ ಇದ್ದೆ. "ಹಲೋ" ಎಂದೆ. ಸೇಬಿನ ಚಿತ್ರ ತೋರಿಸಿದೆ. ಹುಡುಗ ಬಾಯಿ ಬಿಡಲಿಲ್ಲ. ಆದರೆ ನಾನು ಜಾರಿದ ಕನ್ನಡಕ ಮೇಲೇರಿಸಿದಾಗ ಅವನೂ ತನ್ನ ಇಲ್ಲದ ಕನ್ನಡಕ ಏರಿಸಿದ. ನಾನು ಪ್ಯಾಂಟು ಎಳೆದುಕೊಂಡೆ, ಅವನೂ ಎಳೆದುಕೊಂಡ. ಯಾರಾದರೂ ನೋಡುತ್ತಿದ್ದರೆ ನಾನು ಹೊಟ್ಟೆ ಒಳಗೆಳೆದುಕೊಳ್ಳುತ್ತೇನೆ, ಅದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ. ಅದನ್ನೂ ಮಾಡಿ ತೋರಿಸಿದ. ಸುಳ್ಳೇಕೆ ಹೇಳಲಿ, ಮೊದಲು ಮೈ ಉರಿಯಿತು. ಊರನ್ನೆಲ್ಲ ಅಣಕಿಸಿದ ನನ್ನನ್ನು ಅಲ್ಲಿಯವರೆಗೆ ಯಾರೂ ಅಣಕಿಸಿರಲಿಲ್ಲ. ಆಮೇಲೆ ನಗು ತಡೆಯುವುದೇ ಕಷ್ಟವಾಯಿತು.

ತಾಯಿ ಮಾತ್ರ ಬಿಳಿಚಿಕೊಂಡಿದ್ದರು. "ಸಾರಿ, ಸೆನ್ಸೇ, ಸಾರಿ" ಎಂದು ಕೂತಲ್ಲೇ ಬಾಗುತ್ತಿದ್ದರು. ಮೇಷ್ಟ್ರನ್ನು ಅವರು ಕರೆಯುವುದು ಹಾಗೆ. "ಹಿ ಈಸ್ ನಾಟ್ ಬ್ಯಾಡ್ ಬಾಯ್." ಆ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಂತಿತ್ತು.

ಅದನ್ನು ಕೇಳಿದ ಮೇಲೆ ನೆಟ್ಟಗಿರುವುದು ಸಾಕೆನಿಸಿತು. "ಫ್ರಾಗ್!" ಎಂದು ಕುಪ್ಪಳಿಸಿದೆ. ಅವನೂ ಕುಪ್ಪಳಿಸಿ, ನನ್ನದೇ ಕೀರಲು ದನಿಯಲ್ಲಿ, "ಫ್ರಾಗ್!" ನಾನು ಆನೆಯಾದೆ. ಅವನು ಸೊಂಡಿಲು ಬೀಸುತ್ತಾ, "ಎಲಿಫೆಂಟ್!" ಇಬ್ಬರೂ ಮೇಜಿನ ಸುತ್ತ ಓಡಿದೆವು. ಕುರ್ಚಿಯೊಂದು ಧಡಾರನೆ ಬಿತ್ತು.

ಬಾಗಿಲು ತೆರೆಯಿತು. ಮೇಡಂ, ಸೊಂಟದ ಮೇಲೆ ಕೈ. "ಏನೋ ಗಲಾಟೆ ಇದು?"

ಹುಡುಗ ತಿರುಗಿದ. ಪುಟ್ಟ ಸೊಂಟದ ಮೇಲೆ ಕೈಯಿಟ್ಟು ಗದ್ದ ಎತ್ತಿದ. "ಏನೋ ಗಲಾಟೆ ಇದು?" ಅಚ್ಚ ಯಶವಂತಪುರ.

ತಾಯಿಗೆ ಮಾತು ಗೊತ್ತಾಗದಿದ್ದರೂ ಮೇಡಂ ಮುಖ ಅರ್ಥವಾಗಿತ್ತು. ಇಲ್ಲೂ ಮುಗಿಯಿತು ಅನ್ನುವಂತೆ ಬ್ಯಾಗನ್ನು ಹೆಗಲಿಗೇರಿಸಿ, ಮಗನ ತಲೆಯ ಮೇಲೆ ಕೈಯಿಟ್ಟು ಬಗ್ಗಿಸಿದರು, ತಾವೂ ಬಾಗಿದರು.

"ಮೇಡಂ, ನಾನು ಮಾಡೋದಕ್ಕಿಂತ ಚೆನ್ನಾಗಿ ಮಾಡ್ತಾನೆ ನಿಮ್ಮ ಥರ," ಎಂದುಬಿಟ್ಟೆ. ಏನು ಹೇಳಿದೆ ಎಂದು ಆಮೇಲೆ ಹೊಳೆಯಿತು.

"ಓಹೋ. ನೀನೂ ಮಾಡ್ತೀಯಾ?"

"ಅಂದ್ರೆ... ಟೀ ಕುಡಿಯೋವಾಗ ಮಾತ್ರ, ಮೇಡಂ."

"ಎಲ್ಲಿ, ಮಾಡು ನೋಡೋಣ."

ಮಾಡಿದೆ. ಮೇಡಂ ನನ್ನನ್ನು ನೋಡಿದರು, ಹುಡುಗನನ್ನು ನೋಡಿದರು. "ನೀನು ವೇಸ್ಟ್ ಕಣೋ. ಇವನೇ ವಾಸಿ," ಎಂದು ನಕ್ಕೇಬಿಟ್ಟರು. ಆಮೇಲೆ ತಾಯಿಯ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಟುಮಾರೋ. ಫೋರ್ ಓ ಕ್ಲಾಕ್. ಪ್ಲೀಸ್ ಕಮ್."

ತಾಯಿಗಿಂತ ಮೊದಲು ಹುಡುಗನೇ, ಬಗ್ಗಿದಲ್ಲಿಂದಲೇ, ಮೇಡಂ ದನಿಯಲ್ಲಿ ಹೇಳಿದ: "ಟುಮಾರೋ. ಫೋರ್ ಓ ಕ್ಲಾಕ್. ಪ್ಲೀಸ್ ಕಮ್."

ತಾಯಿಯ ಕೈ ಇನ್ನೂ ಅವನ ತಲೆಯ ಮೇಲಿತ್ತು. ಬಗ್ಗಿಸುವುದನ್ನು ಬಿಟ್ಟು ಮೆಲ್ಲಗೆ ಕೂದಲು ಸವರತೊಡಗಿತು.