ಐದು ಗಂಟೆಯ ಕೂಗಿಗೆ ಎತ್ತಿದ ಕೈಗಳು

1934ರ ಫೆಬ್ರವರಿ ಕೊನೆಯ ಶನಿವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ನಜರ್‌ಬಾದಿನ ಅಂಚಿನಲ್ಲಿದ್ದ ನಮ್ಮ ನೇಯ್ಗೆ ಕಾರ್ಖಾನೆಯ ಹಿಂದಿನ ಮೈದಾನ. ಹಾಜರಿದ್ದವರು ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಐವರು, ಕಾಲೇಜು ತಂಡದ ಐವರು, ರೆಫರಿಯಾಗಿ ಬಂದಿದ್ದ ಒಬ್ಬ ಶಾಲಾ ಮಾಸ್ತರರು, ಮಗ್ಗದ ಮನೆಯ ಮುಖ್ಯಸ್ಥರಾದ ವೀವಿಂಗ್ ಮಾಸ್ಟರ್ ರಂಗಸ್ವಾಮಯ್ಯನವರು, ಐದರ ಪಾಳಿಗೆ ಮುಂಚೆಯೇ ಬಂದು ಗೋಡೆಯುದ್ದಕ್ಕೂ ಕುಳಿತ ಕೆಲಸಗಾರರು ಮತ್ತು ನಾನು. ಆಗ ನಾನು ಕಾರ್ಖಾನೆಯ ಟೈಮ್‌ಕೀಪರ್. ತಂಡದ ತರಬೇತಿಯೂ ನನ್ನದೇ.

ಅಕ್ಟೋಬರಿನಿಂದ ಏಳು ಪಂದ್ಯ ಆಡಿ ಐದು ಗೆದ್ದಿದ್ದೆವು; ಅಂದಿನದು ಕಪ್‌ಗಾಗಿ ಕೊನೆಯ ಪಂದ್ಯ. ಆ ಕಾಲದ ನಿಯಮದಲ್ಲಿ ಪ್ರತಿ ಬ್ಯಾಸ್ಕೆಟ್ ಆದಮೇಲೂ ಚೆಂಡನ್ನು ಮೈದಾನದ ನಡುವೆ ತಂದು ಮೇಲಕ್ಕೆ ಎಸೆಯುತ್ತಿದ್ದರು. ಎರಡೂ ಕಡೆಯ ಒಬ್ಬೊಬ್ಬರು ಅದಕ್ಕಾಗಿ ಹಾರಬೇಕು. ಎತ್ತರದವನಿದ್ದ ತಂಡಕ್ಕೆ ಅರ್ಧ ಪಂದ್ಯ ಅಲ್ಲಿಯೇ ಸಿಕ್ಕಂತೆ. ನಮ್ಮ ಎತ್ತರದವನು ಚೌರಪ್ಪ, ಆರಡಿ ಮೂರಂಗುಲ. ಭಾನುವಾರ ಇಗರ್ಜಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತರೂ ಪಾದ್ರಿಗಳಿಗೆ ಮೊದಲು ಕಾಣುವವನು ಅವನೇ ಎಂದು ತಮಾಷೆ ಮಾಡುತ್ತಿದ್ದರು.

ಉಳಿದ ನಾಲ್ವರು ಮಗ್ಗದವರು. ಚೌರಪ್ಪನನ್ನು ಮಾತ್ರ ಆಟಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿದ್ದರು. ಹಗಲು ಗೋಡೌನಿನಲ್ಲಿ ನೂಲಿನ ಬೇಲು ಹೊರುವುದು, ಸಂಜೆ ಆಟ. ಸೀಸನ್ ಮುಗಿದ ದಿನ ಹಾಜರಿ ಪುಸ್ತಕದಿಂದ ಅವನ ಹೆಸರು ಹೋಗಬೇಕು. ಅವನಿಗೆ ಬೇಕಾಗಿದ್ದದ್ದು ಒಂದು ಮಗ್ಗ. ರಂಗಸ್ವಾಮಯ್ಯನವರು ಒಂದೇ ಮಾತು ಹೇಳಿದ್ದರು: "ಕಪ್ ತಗೊಂಡ್ ಬಾ, ಮಗ್ಗ ತಗೊಂಡ್ ಹೋಗು."

ಮಗ್ಗದ ಮನೆಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಎಲ್ಲ ಮಗ್ಗಗಳೂ ಒಂದೇ ಶಾಫ್ಟಿನಿಂದ ಬೆಲ್ಟಿನ ಮೂಲಕ ಓಡುತ್ತಿದ್ದವು. ಸಂಜೆ ಐದಕ್ಕೆ ಪಾಳಿ ಮುಗಿದ ಸೈರನ್ನಿನ ಕೂಗು ಕೇಳಿದಾಗ ಬೆಲ್ಟು ತಪ್ಪಿಸುತ್ತಾರೆ; ಆದರೆ ಲಾಳಿ ಇನ್ನೊಂದು ಸಲ ಹಾರಬಹುದು, ಬೆರಳು ಹೋಗಬಹುದು. ಆದ್ದರಿಂದ ಕೂಗಿನ ಮೊದಲ ಸದ್ದಿಗೇ ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿ ಹತ್ತು ಎಣಿಸಬೇಕು. ಹೊಸಬರಿಗೆ ಇದನ್ನು ಕಲಿಸುವವನು ನಾನೇ. ನಿದ್ದೆಯಲ್ಲಿ ಆ ಕೂಗು ಕೇಳಿದರೂ ಕೈ ಏಳಬೇಕು, ಹಾಗೆ ಕಲಿಸುತ್ತಿದ್ದೆ.

ಉಳಿದ ಪಂದ್ಯಗಳೆಲ್ಲ ಐದೂವರೆಗೆ ಆರಂಭವಾಗಿದ್ದವು. ಅಂದು ಮಾತ್ರ ಬಹುಮಾನ ಕೊಡುವ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದ್ದುದರಿಂದ ಆಟಗಾರರನ್ನು ಮೂರಕ್ಕೇ ಬಿಡಿಸಿ, ವೇಳಾಪಟ್ಟಿ ಬರೆದೆ. ನಾಲ್ಕು ಹತ್ತಕ್ಕೆ ಆರಂಭ, ಇಪ್ಪತ್ತು ನಿಮಿಷ ಆಟ, ಹತ್ತು ನಿಮಿಷ ಬಿಡುವು, ಮತ್ತೆ ಇಪ್ಪತ್ತು. ಕಾರ್ಖಾನೆಯ ಕೂಗಿಗೆ ಸರಿಯಾಗಿ ಪಂದ್ಯವೂ ಮುಗಿಯುತ್ತದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಅತಿಥಿಗಳು ಎರಡು ನಿಮಿಷ ತಡವಾಗಿ ಬಂದರು. ಪಟ್ಟಿಯನ್ನು ತಿದ್ದಿದೆ. ಕೂಗನ್ನು ಮರೆತೆ.

ಆ ಸಂಜೆ ಬಿಸಿಲು ಜೇನಿನಂತೆ ಇಳಿಯುತ್ತಿತ್ತು. ಕಾಲಿನಿಂದ ಎದ್ದ ಕೆಂಪು ಧೂಳು ಕೆಳಗೆ ಕೂರದೆ ಆಟಗಾರರ ಮೊಣಕಾಲ ಮಟ್ಟದಲ್ಲೇ ತೇಲುತ್ತಿತ್ತು. ಹತ್ತು ಜನ ಮೋಡದ ಮೇಲೆ ಓಡಾಡಿದ ಹಾಗೆ. ಗೋಡೆಯ ಮೇಲಿಂದ ಯಾರೋ, "ಏಯ್ ಚೌರಪ್ಪ, ತೆಂಗಿನ್‌ಕಾಯ್ ಕಿತ್ತಂಗೆ ಕಿತ್ಕೊಳೋ!" ಎಂದು ಕೂಗಿದರು. ಅವನು ನಿಜವಾಗಿಯೂ ಹಾಗೆಯೇ ಕೀಳುತ್ತಿದ್ದ. ಹದಿನೆಂಟು–ಹದಿನೇಳು, ನಾವು ಮುಂದು. ಎರಡು ನಿಮಿಷ ಉಳಿದಿತ್ತು. ಚೆಂಡು ಚೌರಪ್ಪನ ಕೈಯಲ್ಲಿ, ಬ್ಯಾಸ್ಕೆಟ್ ತಲೆಯ ಮೇಲೆ.

ಐದು ಗಂಟೆಯ ಕೂಗು ಎದ್ದಿತು.

ನಮ್ಮ ಐವರ ಕೈಗಳೂ ಒಟ್ಟಿಗೆ ಎದ್ದವು. ಚೆಂಡು ನೆಲಕ್ಕೆ ಬಿದ್ದು, ಎರಡು ಸಲ ಪುಟಿದು, ಧೂಳಿನಲ್ಲಿ ಮೆಲ್ಲಗೆ ಉರುಳುತ್ತ ಹೋಯಿತು. ಗೋಡೆಯ ಮೇಲೆ ಕುಳಿತ ಮಗ್ಗದವರ ಕೈಗಳೂ ಎದ್ದಿದ್ದವು. ಅಷ್ಟೇ ಏಕೆ, ಗಡಿಯಾರ ಹಿಡಿದ ನನ್ನ ಕೈಯೂ. ಆ ಕೂಗಿನೊಳಗೆ ಇಡೀ ಮೈದಾನ ಒಂದು ಚಿತ್ರದಂತೆ ನಿಂತಿತ್ತು. ಕಾಲೇಜಿನವರೂ ಕ್ಷಣಕಾಲ ಬೆರಗಾದರು. ಆಮೇಲೆ ಅವರಲ್ಲೊಬ್ಬ ಚೆಂಡೆತ್ತಿಕೊಂಡು ಓಡಿ, ಯಾರ ಅಡ್ಡಿಯೂ ಇಲ್ಲದೆ ಬ್ಯಾಸ್ಕೆಟ್ ಹಾಕಿದ. ನಮ್ಮವರು ಇನ್ನೂ ಎಣಿಸುತ್ತಿದ್ದರು. ರೆಫರಿ ಸೀಟಿ ಊದಿರಲಿಲ್ಲ, ಲೆಕ್ಕಕ್ಕೆ ಬಂತು. ಹತ್ತೊಂಬತ್ತು–ಹದಿನೆಂಟು. ಉಳಿದ ಸಮಯದಲ್ಲಿ ನಮಗೆ ಒಂದೂ ಬೀಳಲಿಲ್ಲ.

ಕಪ್ ಹೋಯಿತು. ತಂಡದಲ್ಲಿದ್ದ ಮಗ್ಗದ ಮಾದಪ್ಪ ಅಳುವ ದನಿಯಲ್ಲಿ ಚೌರಪ್ಪನಿಗೆ ಅಂದ: "ಪೊಲೀಸ್ನೋರ್ ಮುಂದೆ ನಿಂತಂಗೆ ಕೈ ಎತ್ಕೊಂಡ್ ನಿಂತ್ಬುಟ್ಯಲ್ಲೋ! ನಮ್ಗಾದ್ರೆ ಅಭ್ಯಾಸ. ನಿಂಗೇನ್ ಬಂದಿತ್ತೋ, ಗೋಡೌನ್‌ನೋನ್ಗೆ?"

ರಂಗಸ್ವಾಮಯ್ಯನವರು ಹತ್ತಿರ ಬಂದಿದ್ದರು. "ಅದನ್ನೇ ನಾನೂ ಕೇಳ್ಬೇಕು. ನಿಂಗ್ಯಾರೋ ಕಲ್ಸಿದ್ದು?"

ಚೌರಪ್ಪ ತಲೆ ತಗ್ಗಿಸಿದ. ತಗ್ಗಿಸಿದರೂ ಅವರಿಗಿಂತ ಎತ್ತರವೇ. "ಯಾರೂ ಇಲ್ಲ ಸ್ವಾಮಿ. ಬೇಲ್ ಇಳ್ಸಿದ್ಮೇಲೆ ಮಾದಣ್ಣನ ಮಗ್ಗದ ಹಿಂದೆ ನಿಂತ್ಕೊಂಡು ನೋಡ್ತಿದ್ದೆ. ಅವ್ನು ಕೈ ಎತ್ತಿದ್ರೆ ನಾನೂ ಎತ್ತೋದು."

"ಎಷ್ಟು ದಿನದಿಂದ?"

"ಬಂದಾಗ್ನಿಂದ್ಲೂ."

ಅವರು ಸ್ವಲ್ಪ ಹೊತ್ತು ಅವನ ಬೆರಳುಗಳನ್ನೇ ನೋಡಿದರು. ನನ್ನ ಕಡೆ ತಿರುಗಿ, "ಸೋಮವಾರದಿಂದ ಇವನನ್ನ ಮಗ್ಗಕ್ಕೆ, ಎರಡನೇ ಪಾಳಿಗೆ ಬರ್ಕೊಳ್ರಿ. ಚೆಂಡನ್ನೇ ಬಿಟ್ಟೋನು ಬೆರಳು ಕಳ್ಕೊಳಲ್ಲ" ಅಂದರು.

ಎರಡನೇ ಪಾಳಿ ಆರಂಭವಾಗುವುದು ಐದು ಗಂಟೆಗೆ, ಪಂದ್ಯಗಳು ಐದೂವರೆಗೆ. ಚೌರಪ್ಪನ ಮುಖ ಅರಳಿತು, ಆಮೇಲೆ ಅದು ಹೊಳೆದಿರಬೇಕು. "ಅಂಗಾದ್ರೆ ಆಟ?" ಎಂದ. ಅವನು ಒಮ್ಮೆ ಬ್ಯಾಸ್ಕೆಟ್ಟಿನ ಕೆಳಗೆ ಹೋಗಿ, ಕಬ್ಬಿಣದ ಬಳೆಯನ್ನು ಹಾರಿ ಮುಟ್ಟಿ ಬಂದ.

ಸೋಲು ನನ್ನ ಪಟ್ಟಿಯದು ಎಂದು ಅಂದೇ ರಂಗಸ್ವಾಮಯ್ಯನವರಿಗೆ ಬರೆದು ಕೊಟ್ಟೆ. ನಾನು ಕಲಿಸಿದ್ದು ನನಗೆ ಕಾಣದ ಕಡೆಗೂ ಹೋಗಿ ಬೇರು ಬಿಟ್ಟಿರುತ್ತದೆ ಎಂಬುದನ್ನು ಆ ಸಂಜೆ ನನಗೆ ತಿಳಿಸಿತು. ಅಂದಿನಿಂದ ಕಲಿಸುವ ಮುಂಚೆ ಎರಡು ಸಲ ಯೋಚಿಸುತ್ತೇನೆ.

ಆಫೀಸಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಗೋಡೌನಿನ ಹಾಳೆಯಿಂದ ಚೌರಪ್ಪನ ಹೆಸರು ಹೊಡೆದುಹಾಕಿ, ಮಗ್ಗದ ಹಾಳೆಯಲ್ಲಿ ಬರೆದೆ. ಆಮೇಲೆ ಚೆಂಡಿನ ಚರ್ಮದ ದಾರ ಬಿಚ್ಚಿ, ಒಳಗಿನ ರಬ್ಬರ್ ಬ್ಲ್ಯಾಡರಿನ ಗಾಳಿಯನ್ನು ಮೆಲ್ಲಗೆ ಬಿಟ್ಟು, ಒರೆಸಿ, ಮೊಳೆಗೆ ನೇತುಹಾಕಿದೆ.